ನಿಮ್ಮ ಸೈಜ್ ಬರಲ್ಲ ಮೇಡಂ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಆ ಸಂಜೆ ನಾವು ಹತ್ತಿ ಇಳಿದ ಬಟ್ಟೆ ಅಂಗಡಿಗಳು ಏಳು. ಎಂಟನೆಯದಕ್ಕೆ ಮಗಳು ಬರಲಿಲ್ಲ. ಕಾಂಪ್ಲೆಕ್ಸಿನ ಮೆಟ್ಟಿಲಿನ ಮೇಲೆ ಬ್ಯಾಗು ತಬ್ಬಿಕೊಂಡು ಕುಳಿತವಳು, 'ನೀನೇ ಹೋಗಿ ಕೇಳ್ಕೊಂಡು ಬಾಮ್ಮ, ಇದ್ರೆ ಕರಿ' ಎಂದಳು.

ಅವಳು ಕೇಳಿದ್ದು ಜರತಾರಿಯ ಉಡುಪನ್ನೇನಲ್ಲ. ಅರಿಶಿನ ಬಣ್ಣದ ಒಂದು ಕುರ್ತಾ, ಅಷ್ಟೆ. ಕಾಲೇಜಿನ ಎಥ್ನಿಕ್ ಡೇ ದಿನ ಅವಳ ಕ್ಲಾಸಿನ ಹುಡುಗಿಯರೆಲ್ಲ ಒಂದೇ ಬಣ್ಣ ತೊಡುವುದೆಂದು ಗೊತ್ತು ಮಾಡಿಕೊಂಡಿದ್ದರು. ದ್ವಿತೀಯ ಪಿಯುಸಿ ಅಲ್ಲವೇ, ಮುಂದಿನ ವರ್ಷ ಯಾರು ಎಲ್ಲೋ. ಒಂದು ಫೋಟೋ ಇರಲಿ ಎಂಬ ಆಸೆ. ಊರು ತುಂಬ ಅರಿಶಿನ ಬಣ್ಣದ ಕುರ್ತಾಗಳು ನೇತಾಡುತ್ತಿದ್ದವು. ನನ್ನ ಮಗಳಿಗೆ ಆಗುವುದು ಮಾತ್ರ ಒಂದೂ ಇರಲಿಲ್ಲ.

ಮೊದಲನೆಯ ಅಂಗಡಿಯ ಹುಡುಗ ಅವಳನ್ನು ಅಡಿಯಿಂದ ಮುಡಿಯವರೆಗೆ ಅಕ್ಕಿ ಮೂಟೆ ನೋಡಿದಂತೆ ನೋಡಿ, ಉತ್ತರವನ್ನು ನನಗೆ ಕೊಟ್ಟ: 'ಅವರ ಸೈಜ್ ಬರಲ್ಲ ಮೇಡಂ.' ಎರಡನೆಯ ಕಡೆ ಎಕ್ಸ್ಎಲ್ ಎಂದು ಚೀಟಿ ಇದ್ದದ್ದು ಮೊಣಕೈಯಿಂದ ಮೇಲೆ ಏರಲಿಲ್ಲ. ಮೂರನೆಯ ಕಡೆ ಡಬಲ್ ಎಕ್ಸ್ಎಲ್ ಸಿಕ್ಕಿತು. ಎದೆಗೆ ಸರಿಹೋಯಿತು, ಆದರೆ ಭುಜ ಜಾರಿ ತೋಳಿನ ಮೇಲೆ ಬಂದು ಕೂತಿತು. ಕುತ್ತಿಗೆ ಅಗಲವಾಗಿ ಹೆಗಲು ಕಾಣುತ್ತಿತ್ತು, ರಟ್ಟೆಯ ಬಳಿ ಮಾತ್ರ ಬಿಗಿ. ಕೈ ಎತ್ತಿದರೆ ಇಡೀ ಕುರ್ತಾ ಜೊತೆಯಲ್ಲೇ ಏಳುತ್ತದೆ! ಈ ವಿಚಿತ್ರ ಯಾಕೆ ಎಂಬುದು ನನಗೆ ಆಮೇಲೆ ತಿಳಿಯಿತು, ಅದನ್ನು ಹೇಳುತ್ತೇನೆ.

ನಾಲ್ಕನೆಯ ಅಂಗಡಿಯಲ್ಲಿ ದಪ್ಪಗಿರುವವರಿಗೆಂದೇ ಒಂದು ಮೂಲೆ ಇತ್ತು. ಎಲ್ಲಿ ಅನ್ನುತ್ತೀರಿ? ಹಿಂದುಗಡೆ, ನೈಟಿಗಳ ಪಕ್ಕ. ಅಲ್ಲಿದ್ದ ಬಣ್ಣಗಳು ಮೂರು: ಕಪ್ಪು, ಮರೂನು, ಕಡುನೀಲಿ. ಅವುಗಳ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಹೂವುಗಳು. ಹದಿನೇಳರ ಹುಡುಗಿಗೆ ಅದನ್ನು ತೊಡಿಸಿದರೆ ನನ್ನ ಅತ್ತೆಯವರ ತಂಗಿಯ ಹಾಗೆ ಕಾಣುತ್ತಾಳೆ. ಆಕಾರವೋ, ಮದುವೆ ಮನೆಯ ಶಾಮಿಯಾನಕ್ಕೆ ಎರಡು ತೋಳು ಹೊಲಿದಂತೆ. ದಪ್ಪಗಿರುವವರು ಚೆನ್ನಾಗಿ ಕಾಣಬೇಕಾಗಿಲ್ಲ, ಮುಚ್ಚಿಕೊಂಡರೆ ಸಾಕು ಎಂದು ಯಾರೋ ಎಲ್ಲಿಯೋ ಕೂತು ತೀರ್ಮಾನಿಸಿದ ಹಾಗಿತ್ತು. ಐದನೆಯ ಅಂಗಡಿಯಲ್ಲಿ 'ಫ್ರೀ ಸೈಜ್' ಎಂದರು. ಈ ಫ್ರೀ ಸೈಜ್ ಎಂಬುದರಷ್ಟು ದೊಡ್ಡ ಸುಳ್ಳನ್ನು ನಾನು ಚುನಾವಣೆಯ ಭಾಷಣಗಳಲ್ಲೂ ಕೇಳಿಲ್ಲ.

ಆರನೆಯ ಅಂಗಡಿಯಲ್ಲಿ ನಡೆದದ್ದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬರೆಯದಿದ್ದರೆ ಈ ಅಂಕಣಕ್ಕೆ ಅರ್ಥವಿಲ್ಲ. ಟ್ರಯಲ್ ರೂಮಿನೊಳಗೆ ಮಗಳು ಕುರ್ತಾದೊಳಗೆ ಸಿಕ್ಕಿಹಾಕಿಕೊಂಡಿದ್ದಳು. ತಲೆ ಒಳಗೆ, ಎರಡು ಕೈ ಮೇಲೆ. ಹೊರಗೆ ಮೂರು ಜನ ಸರದಿಯಲ್ಲಿ ನಿಂತಿದ್ದರು. ನಾನು ಬಾಗಿಲು ಸರಿಸಿ ಎಳೆಯಲು ಹೋದಾಗ ಎಲ್ಲಿಯೋ ಹೊಲಿಗೆ 'ಟರ್' ಎಂದಿತು. ಕಾಲು ನೋಯುತ್ತಿತ್ತು, ಹರಿದದ್ದಕ್ಕೆ ದುಡ್ಡು ಕೇಳುತ್ತಾರೇನೋ ಎಂಬ ಭಯ ಬೇರೆ. ಬಾಯಿಂದ ಬಂದೇಬಿಟ್ಟಿತು: 'ಸಂಜೆ ಹೊತ್ತು ಆ ಬೇಕರಿ ಪಫ್ ತಿನ್ನೋದು ಬಿಡೇ ಅಂತ ಬಡ್ಕೋತೀನಿ, ಕೇಳ್ತೀಯಾ ನೀನು?'

ಸರದಿಯಲ್ಲಿ ನಿಂತಿದ್ದ ಒಬ್ಬ ಹುಡುಗಿ ನಕ್ಕಳು. ಸೇಲ್ಸ್ ಹುಡುಗರು ನಗಲಿಲ್ಲ, ಅಷ್ಟರಮಟ್ಟಿಗೆ ಅವರೇ ನನಗಿಂತ ವಾಸಿ.

ಮಗಳು ಅಳಲಿಲ್ಲ. ಏಳನೆಯ ಅಂಗಡಿಗೂ ಬಂದಳು, ಅಲ್ಲಿ ಯಾವುದನ್ನೂ ಹಾಕಿ ನೋಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತಳು. ಎಥ್ನಿಕ್ ಡೇಗೆ ಅವಳು ಹೋಗಲೂ ಇಲ್ಲ. ಹೊಟ್ಟೆನೋವು ಎಂದಳು, ನಾನೂ ನಂಬಿದಂತೆ ನಟಿಸಿದೆ. ಆದರೆ ಅದಕ್ಕಿಂತ ಮೊದಲು ನಡೆದದ್ದು ಬೇರೆ. ಮರುದಿನ ಅವಳ ಊಟದ ಡಬ್ಬಿಯನ್ನು ತೊಳೆಯಲು ಹಾಕುವಾಗ ಮುಚ್ಚಳ ತೆಗೆದರೆ ಚಿತ್ರಾನ್ನ ಹಾಗೇ ಇತ್ತು. ಅದರ ಮರುದಿನ ಚಪಾತಿ ಹಾಗೇ ಇತ್ತು. ಮೂರನೆಯ ದಿನ ಡಬ್ಬಿ ಖಾಲಿಯಾಗಿ ಬಂತು, ನನಗೆ ಸಮಾಧಾನವಾಯಿತು. ಅದನ್ನು ತಿಂದದ್ದು ಕಾಲೇಜಿನ ಗೇಟಿನ ಬಳಿಯ ನಾಯಿ ಎಂದು ಅವಳ ಗೆಳತಿಯ ಬಾಯಿಂದ ತಿಳಿದದ್ದು ವಾರದ ಮೇಲೆ.

ನನ್ನನ್ನು ನೋಡಿದವರು ಕೇಳಬಹುದು, 'ನೀವೇನು ಕಡ್ಡಿಯಂತಿದ್ದೀರಾ?' ಎಂದು. ಇಲ್ಲ ಸ್ವಾಮಿ. ಆದರೆ ನಾನು ಸೀರೆಯವಳು. ಸೀರೆ ಯಾರ ಅಳತೆಯನ್ನೂ ಕೇಳುವುದಿಲ್ಲ. ಹೆರಿಗೆಗೆ ಮುಂಚೆ ಉಟ್ಟದ್ದನ್ನೇ ಹೆರಿಗೆಯಾದ ಮೇಲೂ ಉಡಬಹುದು, ಎರಡು ನಿರಿಗೆ ಕಡಿಮೆಯಾದೀತು ಅಷ್ಟೆ. ಅವಮಾನವೇನಿದ್ದರೂ ರವಿಕೆಯದು. ಎಂಬತ್ತು ಸೆಂಟಿಮೀಟರಿನ ರವಿಕೆ ಕಣ ನೋಡಿ ಟೈಲರು ತಲೆ ಕೆರೆದುಕೊಂಡು 'ಒಂದು ಮೀಟರ್ ತನ್ನಿ ಅಕ್ಕಾ' ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು. ರವಿಕೆಯ ಒಳಗೆ ಅಕ್ಕಪಕ್ಕ ಒಂದೊಂದು ಅಂಗುಲ ಬಟ್ಟೆ ಬಿಟ್ಟಿರುತ್ತಾನೆ, ವರ್ಷಕ್ಕೊಂದು ಹೊಲಿಗೆ ಬಿಚ್ಚಿಕೊಳ್ಳುತ್ತ ಹೋಗಬಹುದು. ನಮ್ಮ ಕಾಲದ ಬಟ್ಟೆ ನಮ್ಮ ಜೊತೆ ಬೆಳೆಯುತ್ತಿತ್ತು. ಈಗಿನ ಮಕ್ಕಳು ರೆಡಿಮೇಡ್ ಬಟ್ಟೆಯ ಅಳತೆಗೆ ತಾವೇ ಬೆಳೆಯಬೇಕು, ಅಥವಾ ಸೊರಗಬೇಕು.

ನಾಯಿಯ ಸಮಾಚಾರ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಮಾರನೆಯ ಬೆಳಗ್ಗೆ ನಮ್ಮ ಬೀದಿಯ ಟೈಲರ್ ಅಂಗಡಿಗೆ ಹೋದೆ. ಮೂವತ್ತು ವರ್ಷದಿಂದ ನನ್ನ ರವಿಕೆ ಹೊಲಿಯುತ್ತಿರುವವರು. 'ಡಬಲ್ ಎಕ್ಸ್ಎಲ್ ಹಾಕಿದರೆ ಎದೆಗೆ ಸರಿ, ಭುಜ ಮಾತ್ರ ಜಾರುತ್ತಲ್ಲ, ಇದೇನು?' ಎಂದೆ. ಅವರು ಮೆಷಿನ್ ನಿಲ್ಲಿಸಿ, ಸೀಮೆಸುಣ್ಣದ ತುಂಡಿನಿಂದ ಮೇಜಿನ ಮೇಲೇ ಬರೆದು ತೋರಿಸಿದರು.

ವಿಷಯ ಇಷ್ಟೇ. ಫ್ಯಾಕ್ಟರಿಯಲ್ಲಿ ಒಂದು ಉಡುಪನ್ನು ಮೊದಲು ಒಂದೇ ಅಳತೆಗೆ ಕತ್ತರಿಸಿ ನೋಡುತ್ತಾರೆ. ಬಹುಪಾಲು ಅದು ಸಣ್ಣ ಅಥವಾ ಮಧ್ಯಮ ಅಳತೆ. ತೊಡಿಸಿ ತಿದ್ದುವುದೂ ಅಂಥ ಮೈಕಟ್ಟಿನ ಹುಡುಗಿಗೇ. ಆ ಒಂದು ನಮೂನೆಯ ಕಾಗದವನ್ನಿಟ್ಟುಕೊಂಡು, ಒಂದೊಂದು ಸೈಜಿಗೂ ಸುತ್ತಲೂ ಇಂತಿಷ್ಟು ಎಂದು ಹಿಗ್ಗಿಸುತ್ತ ಹೋಗುತ್ತಾರೆ. ಕಸುಬಿನವರು ಇದನ್ನು ಗ್ರೇಡಿಂಗ್ ಎನ್ನುತ್ತಾರೆ. ಎದೆ ಎರಡಂಗುಲ ಹೆಚ್ಚಿದರೆ ಭುಜವೂ ಇಷ್ಟು, ಕುತ್ತಿಗೆಯೂ ಇಷ್ಟು, ಉದ್ದವೂ ಇಷ್ಟು. ಒಂದೆರಡು ಸೈಜಿನವರೆಗೆ ಈ ಲೆಕ್ಕ ನಡೆಯುತ್ತದೆ. ಆಮೇಲೆ ನಡೆಯುವುದಿಲ್ಲ. ಯಾಕೆಂದರೆ ಮನುಷ್ಯ ದಪ್ಪಗಾದರೆ ಮೂಳೆ ಅಗಲವಾಗುವುದಿಲ್ಲವಲ್ಲ! ಭುಜ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಹೆಚ್ಚುವುದು ರಟ್ಟೆ, ಎದೆ, ಹೊಟ್ಟೆ, ಸೊಂಟ. ಅದೂ ಒಬ್ಬೊಬ್ಬರಿಗೆ ಒಂದೊಂದು ಕಡೆ. 'ಚಿಕ್ಕ ಫೋಟೋನ ದೊಡ್ಡದು ಮಾಡಿದ್ರೆ ಮೂಗೂ ದೊಡ್ಡದಾಗುತ್ತಲ್ಲ, ಹಾಗೆ ಅಕ್ಕಾ' ಎಂದರು ಟೈಲರು. ದೊಡ್ಡ ಸೈಜಿಗೆ ಬೇರೆಯದೇ ನಮೂನೆ ತೆಗೆಯಬೇಕು, ಎದೆಯ ಬಳಿ ಟಕ್ಸ್ ಹಿಡಿಯಬೇಕು, ತೋಳಿನ ಬುಡ ಬೇರೆ ಥರ ಕತ್ತರಿಸಬೇಕು. ಹಳೆಯ ಜುಬ್ಬಗಳಲ್ಲಿ ಕಂಕುಳಲ್ಲಿ ಚೌಕದ ತುಂಡು ಬಟ್ಟೆ ಸೇರಿಸುತ್ತಿದ್ದುದು ಕೈ ಸಲೀಸಾಗಿ ಆಡಲೆಂದೇ. ಇದನ್ನೆಲ್ಲ ಮಾಡಲು ಸಮಯ ಬೇಕು, ಖರ್ಚು ಬೇಕು.

ಅಂದರೆ ಆ ಮೂರನೆಯ ಅಂಗಡಿಯಲ್ಲಿ ತಪ್ಪಾಗಿದ್ದುದು ಕತ್ತರಿ. ನನ್ನ ಮಗಳು ಅದನ್ನು ತನ್ನ ರಟ್ಟೆಯ ತಪ್ಪು ಎಂದುಕೊಂಡಳು. ನಾನು ಬೇಕರಿ ಪಫ್‌ನ ತಪ್ಪು ಎಂದೆ.

ಇನ್ನು 'ಸೈಜ್ ಬರಲ್ಲ' ಎಂಬುದರ ಒಳಗುಟ್ಟು. ಸಣ್ಣ ಅಂಗಡಿಗಳವರು ಸಗಟು ಮಾಲು ತರುವುದು ಸೆಟ್ ಲೆಕ್ಕದಲ್ಲಿ. ಒಂದು ಡಿಸೈನಿಗೆ ಒಂದು ಕಟ್ಟು, ಅದರಲ್ಲಿ ಎಂ ಒಂದು, ಎಲ್ ಒಂದು, ಎಕ್ಸ್ಎಲ್ ಒಂದು, ಡಬಲ್ ಎಕ್ಸ್ಎಲ್ ಒಂದು. ಆ ಕೊನೆಯದೊಂದು ಮೊದಲ ದಿನವೇ ಹೋಗಿಬಿಟ್ಟರೆ ಅದಷ್ಟನ್ನೇ ಮತ್ತೆ ತರಿಸುವಂತಿಲ್ಲ, ಇಡೀ ಸೆಟ್ಟೇ ಕೊಳ್ಳಬೇಕು. ಅದಕ್ಕಿಂತ ಮೇಲಿನ ಸೈಜು ಕಟ್ಟಿನಲ್ಲೇ ಇಲ್ಲ. ಹುಡುಕಿ ಬಂದವಳು ಸಿಗದೆ ಹೋದಳೆಂದು ಯಾವ ಬಿಲ್ ಪುಸ್ತಕದಲ್ಲೂ ಬರೆದಿರುವುದಿಲ್ಲ. ವರ್ಷದ ಕೊನೆಗೆ ಮಾಲೀಕರು ಲೆಕ್ಕ ನೋಡಿ 'ದೊಡ್ಡ ಸೈಜಿಗೆ ಗಿರಾಕಿ ಇಲ್ಲ' ಎನ್ನುತ್ತಾರೆ. ಗಿರಾಕಿ ಮೆಟ್ಟಿಲ ಮೇಲೆ ಬ್ಯಾಗು ತಬ್ಬಿಕೊಂಡು ಕೂತಿರುತ್ತಾಳೆ.

ಬಟ್ಟೆ ಜಾಸ್ತಿ ಹಿಡಿಯುತ್ತದೆ, ಅದಕ್ಕೇ ಮಾಡುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಸರಿ, ಹಾಗಾದರೆ ಕಡಿಮೆ ಬಟ್ಟೆ ಹಿಡಿಯುವ ಎಸ್ ಸೈಜಿನವಳಿಗೆ ಎಲ್ ಸೈಜಿನವಳಿಗಿಂತ ಹತ್ತು ರೂಪಾಯಿ ಕಡಿಮೆ ಮಾಡಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ತಮಾಷೆಯೆಂದರೆ ದೊಡ್ಡ ಅಳತೆಯ ಉಡುಪು ಹೊಲಿಯುವುದು ನಮ್ಮ ಊರಿಗೆ ಬಾರದ ವಿದ್ಯೆಯೇನಲ್ಲ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಿಗೆ ಬೆಳಗ್ಗೆ ಬಸ್ಸು ಹತ್ತಿ ಹೋಗುವ ಸಾವಿರಾರು ಹೆಂಗಸರು ಹೊಲಿಯುವುದು ಅಮೆರಿಕ, ಯೂರೋಪಿನವರ ಬಟ್ಟೆಯನ್ನು. ನಮ್ಮ ಹಿಂದಿನ ಬೀದಿಯ ಒಬ್ಬಾಕೆ ಅಂಥದೊಂದು ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ತೋಳು ಜೋಡಿಸಿದವರು. 'ನಾನೂ ನೀವೂ ಇಬ್ರೂ ಒಟ್ಟಿಗೆ ಹೊಕ್ಕಬಹುದು ಕಣಕ್ಕಾ, ಅಂಥಾ ಸೈಜ್‌ದೂ ಹೊಲ್ದಿವ್ನಿ. ಎಷ್ಟ್ ಚೆನ್ನಾಗಿರ್ತಿದ್ವು ಅಂತೀರಿ! ಕೆಂಪು, ಹಳ್ದಿ, ಎಲ್ಲಾ ಬಣ್ಣ' ಎಂದರು. ಆಕೆಯೂ ಸ್ವಲ್ಪ ತುಂಬಿದ ಮೈಯವರೇ. ನಿಮಗೆಲ್ಲಿ ಬಟ್ಟೆ ಎಂದು ಕೇಳಿದೆ. ನಕ್ಕು ತಾವು ತೊಟ್ಟಿದ್ದ ನೈಟಿಯ ಸೆರಗು ಹಿಡಿದು ತೋರಿಸಿದರು. ಸೆರಗಲ್ಲ, ಅಂಚು ಎನ್ನಬೇಕು. ಆಕೆ ಅದನ್ನು ಸೆರಗಿನಂತೆಯೇ ಹಿಡಿಯುವುದರಿಂದ ಹಾಗೆ ಬರೆದೆ.

ಈ ಎಸ್, ಎಂ, ಎಲ್‌ಗಳನ್ನು ಯಾವ ಬ್ರಹ್ಮ ಬರೆದ ಎಂಬ ಕುತೂಹಲ ಹುಟ್ಟಿ ಸ್ವಲ್ಪ ಓದಿದೆ. ಅಮೆರಿಕದ ಸರ್ಕಾರ 1939–40ರಲ್ಲಿ ಸುಮಾರು 15,000 ಹೆಂಗಸರ ಮೈಯಳತೆ ತೆಗೆಸಿತು. ಒಬ್ಬೊಬ್ಬರದೂ ಐವತ್ತಕ್ಕೂ ಹೆಚ್ಚು ಅಳತೆಗಳು. ಕೊನೆಗೆ ಬಿಳಿಯ ಹೆಂಗಸರದನ್ನು ಮಾತ್ರ ಲೆಕ್ಕಕ್ಕಿಟ್ಟುಕೊಂಡು, ಉಳಿದವರದನ್ನು ಬಿಟ್ಟುಬಿಟ್ಟರು. ಅಂಥ ಲೆಕ್ಕಗಳ ಆಧಾರದ ಮೇಲೆ 1958ರಲ್ಲಿ ಅಲ್ಲಿ ಒಂದು ಅಧಿಕೃತ ಅಳತೆಯ ಪಟ್ಟಿ ಹೊರಟಿತು. ಅದು ಜನರ ಮೈಗೆ ಒಗ್ಗುತ್ತಿಲ್ಲವೆಂದು 1983ರಲ್ಲಿ ಕೈಬಿಟ್ಟದ್ದೂ ಆಯಿತು. ಈಗ ಪ್ರತಿ ಕಂಪನಿಗೂ ಅದರದೇ ಅಳತೆ. ಒಂದು ಕಡೆಯ ಎಲ್ ಇನ್ನೊಂದು ಕಡೆ ಎಕ್ಸ್ಎಲ್. ನಮ್ಮ ದೇಶದವರಿಗೆಂದೇ ಆದ ಅಳತೆಯ ಪಟ್ಟಿ ಇಲ್ಲವಲ್ಲ, ಎಷ್ಟು ದಿನ ಬ್ರಿಟನ್, ಅಮೆರಿಕದವರ ಪಟ್ಟಿಯನ್ನು ತಿದ್ದಿ ಬಳಸುವುದು ಎಂದು ನಮ್ಮ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್, ಕೇಂದ್ರ ಜವಳಿ ಸಚಿವಾಲಯದ ನೆರವಿನಿಂದ 'ಇಂಡಿಯಾ ಸೈಜ್' ಎಂಬ ಸಮೀಕ್ಷೆಯನ್ನು ಕೈಗೆತ್ತಿಕೊಂಡಿತು. ಆರು ನಗರಗಳಲ್ಲಿ ಹದಿನೈದರಿಂದ ಅರವತ್ತೈದು ವಯಸ್ಸಿನ 25,000 ಗಂಡಸರು, ಹೆಂಗಸರನ್ನು ಸ್ಕ್ಯಾನರಿನ ಮುಂದೆ ನಿಲ್ಲಿಸಿ ಅಳೆಯುವ ಯೋಜನೆ. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಕಳೆದ ಮೇಲೆ ನಮ್ಮ ಭುಜ ಎಲ್ಲಿದೆ ಎಂದು ನಾವೇ ನೋಡಲು ಹೊರಟೆವು.

ಓದುವಾಗ ನನಗೆ ತುಂಬ ಇಷ್ಟವಾದದ್ದು ಒಬ್ಬ ಹೆಂಗಸಿನ ಕಥೆ. ಲಿಥುವೇನಿಯಾದಿಂದ ನ್ಯೂಯಾರ್ಕಿಗೆ ವಲಸೆ ಹೋದ ಲೀನಾ ಬ್ರಯಂಟ್ ಎಂಬ ಹೊಲಿಗೆಯಾಕೆ. ಚಿಕ್ಕ ವಯಸ್ಸಿನಲ್ಲೇ ವಿಧವೆ, ಕೈಯಲ್ಲಿ ಮಗು. ಕಿವಿಯೋಲೆ ಅಡವಿಟ್ಟು ಹೊಲಿಗೆ ಯಂತ್ರ ಕೊಂಡಳಂತೆ. ಇದು ನಮ್ಮ ಯಾವ ಊರಿನ ಕಥೆಯಾದರೂ ಆಗಬಹುದಿತ್ತು, ಅಲ್ಲವೇ? 1904ರಲ್ಲಿ ಅಂಗಡಿ ತೆರೆದಳು. ಬ್ಯಾಂಕಿನ ಕಾಗದದಲ್ಲಿ ಹೆಸರು ತಪ್ಪಾಗಿ 'ಲೇನ್' ಎಂದಾಯಿತು, ಅದೇ ಅಂಗಡಿಯ ಹೆಸರಾಗಿ ಉಳಿಯಿತು. ಮೊದಲು ಬಸುರಿಯರಿಗೆ ಉಡುಪು ಹೊಲಿದಳು. ಆಮೇಲೆ ದಪ್ಪಗಿರುವವರು ನಮಗೂ ಹೊಲಿಯಿರಿ ಎಂದು ಬಂದಾಗ, ಇಂಜಿನಿಯರಾಗಿದ್ದ ಅವಳ ಎರಡನೆಯ ಗಂಡ ಸುಮಾರು 4,500 ಗಿರಾಕಿಗಳ ಅಳತೆಯನ್ನು ಕಲೆಹಾಕಿದ. ಅದರಿಂದ ತಿಳಿದದ್ದು, ದಪ್ಪ ಎಂಬುದು ಒಂದೇ ಥರವಲ್ಲ, ಅದರಲ್ಲೂ ಬೇರೆ ಬೇರೆ ಮೈಕಟ್ಟುಗಳಿವೆ ಎಂದು. ನೂರು ವರ್ಷದ ಹಿಂದೆ ಟೇಪು ಹಿಡಿದು ಕಂಡುಕೊಂಡ ಈ ಸಂಗತಿ ಜಯನಗರದವರೆಗೆ ಇನ್ನೂ ಬಂದು ತಲುಪಿಲ್ಲ.

ತೂಕದ ಬಗ್ಗೆ ಮಾತೇ ಆಡಬಾರದೇ ಎಂದು ತಾಯಂದಿರು ಕೇಳುತ್ತಾರೆ. ಆಡೋಣ, ಡಾಕ್ಟರ ಮುಂದೆ ಆಡೋಣ. ಹುಡುಗಿಯರ ಮೈ ಬರುವುದಕ್ಕೆ ಥೈರಾಯ್ಡ್, ಪಿಸಿಓಡಿ ಎಂಬ ಕಾರಣಗಳೂ ಇರುತ್ತವೆ, ಅಪ್ಪ ಅಮ್ಮನಿಂದ ಬಂದ ಮೈಕಟ್ಟೂ ಇರುತ್ತದೆ. ಅದನ್ನು ಹೇಳಬೇಕಾದವರು ರಕ್ತಪರೀಕ್ಷೆ ನೋಡಿದವರು, ಹ್ಯಾಂಗರ್ ಹಿಡಿದು ನಿಂತವರಲ್ಲ. ಮತ್ತು ನಾಳೆ ಇಳಿಯಬಹುದಾದ ತೂಕಕ್ಕೆ ಇವತ್ತು ಬಟ್ಟೆ ಕೊಡಬಾರದೆಂಬ ನ್ಯಾಯ ಎಲ್ಲಿಯದು? 'ಸಣ್ಣ ಆಗು, ಆಮೇಲೆ ಕೊಡಿಸ್ತೀನಿ' ಎಂದು ನಾನೂ ಒಂದೆರಡು ಸಲ ಅಂದಿದ್ದೇನೆ. ಹತ್ತನೇ ತರಗತಿಯಲ್ಲಿ ತೊಂಬತ್ತು ಪರ್ಸೆಂಟ್ ತೆಗೆದವಳು ಎರಡು ವರ್ಷದಿಂದ ಹಳೆಯ ಎರಡು ಟಾಪುಗಳಲ್ಲೇ ದಿನ ತಳ್ಳುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಾನು ಮಗಳ ಬಳಿ ತಪ್ಪೊಪ್ಪಿಕೊಂಡೆ. ಸಿನಿಮಾದಲ್ಲಿ ಆಗುವಂತೆ ಅವಳೇನೂ ತಬ್ಬಿಕೊಳ್ಳಲಿಲ್ಲ. 'ಪರವಾಗಿಲ್ಲ ಬಿಡು' ಎಂದು ಫಿಸಿಕ್ಸ್ ಪುಸ್ತಕದ ಕಡೆ ತಿರುಗಿದಳು. ಹುಡುಗಿಯರು 'ಪರವಾಗಿಲ್ಲ' ಎಂದರೆ ಪರವಾಗಿದೆ ಎಂದೇ ಅರ್ಥ, ತಿಳಿದುಕೊಂಡಿರಿ. ಎರಡು ವಾರ ನಾನು ಆ ಮಾತೆತ್ತಲಿಲ್ಲ. ಡಬ್ಬಿಯನ್ನು ಮಾತ್ರ ದಿನಾ ತೆಗೆದು ನೋಡುತ್ತಿದ್ದೆ. ಒಂದು ಗುರುವಾರ ಅದರಲ್ಲಿ ಒಗ್ಗರಣೆಯ ಎರಡು ಕರಿಬೇವಿನೆಲೆ ಬಿಟ್ಟು ಏನೂ ಉಳಿದಿರಲಿಲ್ಲ. ಕರಿಬೇವು ಅವಳು ಯಾವತ್ತೂ ತಿನ್ನುವವಳಲ್ಲ, ನಾಯಿಗೆ ಹಾಕಿದ್ದರೆ ಅದನ್ನೂ ಸೇರಿಸಿಯೇ ಹಾಕುತ್ತಿದ್ದಳು ಎಂದು ಪತ್ತೇದಾರಳಂತೆ ತರ್ಕಿಸಿ ಸಂತೋಷಪಟ್ಟೆ.

ಆ ಭಾನುವಾರ ಚಿಕ್ಕಪೇಟೆಗೆ ಹೋದೆವು, ಮೀಟರ್ ಲೆಕ್ಕದ ಬಟ್ಟೆಗೆ. ಅಲ್ಲಿ ಯಾರೂ ಸೈಜು ಕೇಳುವುದಿಲ್ಲ, 'ಎಷ್ಟು ಮೀಟರ್?' ಎಂದಷ್ಟೇ ಕೇಳುತ್ತಾರೆ. ಮಗಳು ಅರಿಶಿನ ಬಣ್ಣದ ಮೇಲೆ ಕೆಂಪು ಅಡ್ಡಗೆರೆಯಿದ್ದ ಹತ್ತಿ ಬಟ್ಟೆಯೊಂದನ್ನು ಹಿಡಿದು ನಿಂತಳು. ನಾನು ಅಭ್ಯಾಸಬಲದಿಂದ, 'ಅಡ್ಡಗೆರೆ ಬೇಡ ಕಣೇ, ಅಗಲ ಕಾಣುತ್ತೆ, ಉದ್ದಗೆರೆ ತಗೋ' ಎಂದೆ. ಅವಳು ನನ್ನತ್ತ ನೋಡಿ, 'ಅಮ್ಮಾ, ಅದು ಸುಳ್ಳು. ಹೆಲ್ಮ್‌ಹೋಲ್ಟ್ಜ್ ಗೊತ್ತಾ?' ಎಂದಳು. ಅಂಗಡಿಯವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿಯಂತೆ. ಒಂದೇ ಅಳತೆಯ ಎರಡು ಚೌಕದಲ್ಲಿ ಒಂದಕ್ಕೆ ಅಡ್ಡಗೆರೆ, ಇನ್ನೊಂದಕ್ಕೆ ಉದ್ದಗೆರೆ ಎಳೆದರೆ ಅಡ್ಡಗೆರೆಯದೇ ಎತ್ತರವಾಗಿ, ಸಪೂರವಾಗಿ ಕಾಣುತ್ತದೆಂದು ಬರೆದವನು. ಹೆಂಗಸರ ಉಡುಪಿನ ಮಾತನ್ನೂ ಅಲ್ಲೇ ಆಡಿದ್ದಾನಂತೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಇದನ್ನು ಮತ್ತೆ ಪರೀಕ್ಷಿಸಿ, ಅಡ್ಡಗೆರೆಯಿಂದ ದಪ್ಪ ಕಾಣುವುದಿಲ್ಲವೆಂದು 2011ರಲ್ಲಿ ಪ್ರಕಟಿಸಿದ್ದಾರೆ. 'ನೀನು ಇಷ್ಟು ವರ್ಷ ನನಗೆ ಉದ್ದಗೆರೆ ಹಾಕಿಸಿದ್ದು ವೇಸ್ಟು' ಎಂದಳು ಮಗಳು.

ಎರಡೂಮುಕ್ಕಾಲು ಮೀಟರ್ ತೆಗೆದುಕೊಂಡೆವು. ನಮ್ಮ ಬೀದಿಯ ಟೈಲರು ಟೇಪು ಕೊರಳಿಗೆ ಹಾಕಿಕೊಂಡು ಕಾದಿದ್ದರು. ಅಳತೆ ತೆಗೆಯಲು ಅವರ ಹೆಂಡತಿ ಬಂದರು. ಭುಜ, ಎದೆ, ರಟ್ಟೆಯ ಸುತ್ತಳತೆ, ಸೊಂಟ. ಒಂದೊಂದನ್ನೂ ಆಕೆ ತರಕಾರಿಯವಳು ಲೆಕ್ಕ ಹೇಳುವಷ್ಟೇ ಸಲೀಸಾಗಿ ಹೇಳುತ್ತ ಹೋದರು, ಟೈಲರು ತಲೆಯೆತ್ತದೆ ಬರೆದುಕೊಂಡರು. ಒಂದು ಸಂಖ್ಯೆಗೂ ಅವರ ಹುಬ್ಬು ಏರಲಿಲ್ಲ. ಮಗಳು ಮೊದಲು ಉಸಿರು ಬಿಗಿಹಿಡಿದು ನಿಂತಿದ್ದಳು. 'ಉಸಿರು ಬಿಡಮ್ಮ, ಊಟ ಮಾಡಿದ ಮೇಲೂ ಹಾಕ್ಕೊಬೇಕಲ್ವಾ' ಎಂದರು ಆಕೆ.

ಎಲ್ಲ ಬರೆದಾದ ಮೇಲೆ ಟೈಲರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ ಕೇಳಿದರು: 'ಜೇಬು ಇಡ್ಲೇನಮ್ಮಾ?'

'ಎರಡು ಇಡಿ ಅಂಕಲ್' ಎಂದಳು ಮಗಳು. 'ಮೊಬೈಲ್ ಹಿಡಿಯೋಷ್ಟು ದೊಡ್ಡದು.'